ಯಾವುದು ತಿರುಗುತ್ತದೆ, ಯಾವುದು ನಿಂತಿರುತ್ತದೆ?

ಮೊದಲ ಮಹಾಯುದ್ಧದ ಕಾಲದ ಲೆ ರೋನ್ ವಿಮಾನ ಇಂಜಿನ್ನಿನಲ್ಲಿ ಕಿಡಿ ಹುಟ್ಟಿಸುವ ಭಾಗ ಯಾವುದು? ಚಿತ್ರಕ್ಕೆ ಬಾಣ ಹಾಕಿ ಹೆಸರು ಬಾಯಿಪಾಠ ಮಾಡಿಸುವ ಪದ್ಧತಿ ಇಲ್ಲಿ ಉಪಯೋಗಕ್ಕೆ ಬಾರದು ಎಂದೇ ನಮ್ಮ ಅಭಿಪ್ರಾಯ. ಯಾವುದು ತಿರುಗುತ್ತದೆ ಎಂದು ಮೊದಲು ಕೇಳಬೇಕು.

ರೋಟರಿಯಲ್ಲಿ ಕ್ರ್ಯಾಂಕ್‌ಶಾಫ್ಟ್ ವಿಮಾನಕ್ಕೆ ಬಿಗಿದಿರುತ್ತದೆ; ಒಂಬತ್ತು ಸಿಲಿಂಡರುಗಳೇ ಪ್ರೊಪೆಲ್ಲರ್ ಜೊತೆ ಗಿರಗಿರನೆ ಸುತ್ತುತ್ತವೆ. (ನೋಡಲು ಹಾಗೆಯೇ ಇರುವ ರೇಡಿಯಲ್ ಬೇರೆ, ಅದರ ಸಿಲಿಂಡರು ಅಲುಗಾಡುವುದಿಲ್ಲ.) ಮ್ಯಾಗ್ನೆಟೊ ಹಿಂಬದಿಯಲ್ಲಿ, ನಿಂತ ಭಾಗದ ಮೇಲಿದೆ. ಅದರಿಂದ ಬರುವ ವಿದ್ಯುತ್ತನ್ನು ಕಾರ್ಬನ್ ಬ್ರಷ್ ಒಂದು ಸುತ್ತುವ ಉಂಗುರಕ್ಕೆ ದಾಟಿಸುತ್ತದೆ. ಒಂಬತ್ತು ಹಿತ್ತಾಳೆ ತುಂಡುಗಳಿರುವ ಆ ಉಂಗುರವೇ ಡಿಸ್ಟ್ರಿಬ್ಯೂಟರ್. ಅಲ್ಲಿಂದ ಪ್ಲಗ್ಗಿಗೆ ಹೋಗುವುದು ಹೊದಿಕೆಯಿಲ್ಲದ ಬರಿಯ ತಂತಿ.

ಎಣ್ಣೆ ಪಂಪಿಗೂ ಹಲ್ಲುಚಕ್ರ ಉಂಟಲ್ಲ, ಗೊಂದಲವಾಗದೇ? ಲೆಕ್ಕ ಮಾಡಿ. ನಾಲ್ಕು ಸ್ಟ್ರೋಕಿನ ಇಂಜಿನ್, ಎರಡು ಸುತ್ತಿಗೆ ಒಂಬತ್ತು ಕಿಡಿ ಬೇಕು. ಸುತ್ತಿಗೆ ಎರಡು ಕಿಡಿ ಕೊಡುವ ಮ್ಯಾಗ್ನೆಟೊ 2.25 ಪಟ್ಟು ವೇಗದಲ್ಲಿ ತಿರುಗಬೇಕು. ಹಲ್ಲುಗಳನ್ನು ಎಣಿಸಿದಾಗ 9:4 ಬಂದರೆ ಅದು ಮ್ಯಾಗ್ನೆಟೊದ್ದು. ಕ್ಲೆರ್ಜೆ 9ಬಿ ಇಂಜಿನ್ನಿನಲ್ಲಾದರೆ ಸಿಲಿಂಡರಿಗೆ ಎರಡು ಪ್ಲಗ್, ಆದ್ದರಿಂದ ಮ್ಯಾಗ್ನೆಟೊವೂ ಎರಡು.

ಎಲ್ಲಕ್ಕಿಂತ ಮುಖ್ಯವಾದದ್ದು, ಯಾರೂ ಗಮನಿಸದ ಸ್ವಿಚ್ಚಿನ ತಂತಿ. ಮ್ಯಾಗ್ನೆಟೊಗೆ ಬ್ಯಾಟರಿ ಬೇಡ. ಮನೆಯ ಸ್ವಿಚ್ ಸಂಪರ್ಕ ತಪ್ಪಿಸಿ ದೀಪ ಆರಿಸಿದರೆ, ಇದು ಸಂಪರ್ಕ ಕೊಟ್ಟು, ಅಂದರೆ ಅರ್ತ್ ಮಾಡಿ, ಕಿಡಿ ನಿಲ್ಲಿಸುತ್ತದೆ. ಆ ತಂತಿ ತುಂಡಾದರೆ ಸ್ವಿಚ್ ಆಫ್ ಇದ್ದರೂ ಕಿಡಿ ಬರಬಹುದು. ಸಿಲಿಂಡರಿನಲ್ಲಿ ಇಂಧನ ಉಳಿದಿದ್ದರೆ, ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಿದವನ ಗತಿ ಏನು?