ಪಾತಾಳಗರಡಿಗೆ ಸಿಕ್ಕ ತಂಬಿಗೆ

ಬಾವಿಗೆ ಬಿದ್ದ ಕೊಡವನ್ನೆತ್ತಲು ಪಾತಾಳಗರಡಿಯನ್ನಿಳಿಸಿದರೆ, ಎಂದೋ ಬಿದ್ದ ಹಳೆಯ ತಂಬಿಗೆಯೂ ಮೇಲೆ ಬರುವುದುಂಟು. ಹೊಟ್ಟೆನೋವಿಗೆಂದು ಮಾಡಿಸುವ ಸ್ಕ್ಯಾನಿನ ಕಥೆಯೂ ಇದೇ. ಮದ್ದೂರು, ಮಳವಳ್ಳಿಗಳ ರೈತನು ಮಂಡ್ಯದಲ್ಲಿ ಪರೀಕ್ಷೆ ಮಾಡಿಸಿಕೊಂಡು ಹಿಂದಿರುಗುವಾಗ, ವರದಿಯಲ್ಲಿ ‘ಮೂತ್ರಪಿಂಡದಲ್ಲಿ ನೀರುಗುಳ್ಳೆ’, ‘ಪಿತ್ತಕೋಶದಲ್ಲಿ ಕಲ್ಲು’ ಎಂಬ ಸಾಲೊಂದಿದ್ದರೆ, ನೋವಿಗಿಂತ ಆ ಸಾಲೇ ನಿದ್ದೆಗೆಡಿಸುತ್ತದೆ.

ಗ್ಲಾಸ್ಗೋದ ಇಯನ್ ಡೊನಾಲ್ಡ್ ಶಬ್ದತರಂಗಗಳಿಂದ ಉದರದೊಳಗನ್ನು ಕಾಣುವ ಬಗೆಯನ್ನು 1958ರಲ್ಲಿ ಪ್ರಕಟಿಸಿದ ಬಳಿಕ ವೈದ್ಯನ ಕಣ್ಣು ಹರಿತವಾಯಿತು, ನಿಜ. ಆದರೆ ಕಂಡದ್ದೆಲ್ಲವೂ ರೋಗವಲ್ಲ. ವಯಸ್ಸು 50 ದಾಟಿದವರಲ್ಲಿ ಸರಳವಾದ ನೀರುಗುಳ್ಳೆ ಸರ್ವೇಸಾಮಾನ್ಯ. ಪಿತ್ತಗಲ್ಲುಗಳಲ್ಲಿ ಬಹುಪಾಲು ಎಂದೂ ನೋವು ಕೊಡದೆ ಸುಮ್ಮನಿರುತ್ತವೆ.

ಶಸ್ತ್ರಚಿಕಿತ್ಸೆಗೆಂದು ಗದ್ದೆಯನ್ನು ಅಡವಿಡುವ ಮುನ್ನ ರೋಗಿಯು ವೈದ್ಯರಲ್ಲಿ ಕೇಳಬೇಕಾದ ಪ್ರಶ್ನೆಗಳು ಮೂರು: ಈ ನೋವಿಗೆ ಇದೇ ಕಾರಣವೇ? ಇದರಿಂದ ಮುಂದೆ ಅಪಾಯವುಂಟೇ? ಮತ್ತೆ ನೋಡಬೇಕಾದರೆ ಯಾವಾಗ? ಗುಳ್ಳೆಯ ಗೋಡೆ ದಪ್ಪವಾಗಿದೆ, ಒಳಗೆ ಗಟ್ಟಿಯಾದ ಭಾಗವಿದೆ ಎಂದರೆ ಉದಾಸೀನ ಸಲ್ಲದು. ಹೇಳಿದ ಗಡುವನ್ನು ತಪ್ಪಿಸಬಾರದು. ಹಳೆಯ ವರದಿಯನ್ನು ಭೂಮಿಯ ಪತ್ರದಂತೆ ಜೋಪಾನವಾಗಿಡಬೇಕು. ಗುಳ್ಳೆ ಬೆಳೆದಿದೆಯೋ ಇಲ್ಲವೋ ಎಂಬುದನ್ನು ಹೇಳುವುದು ಅದೇ.

ನೋವು ಉಳಿದೇ ಇದ್ದರೆ ಅದರ ಮೂಲವನ್ನು ಮತ್ತೆ ಹುಡುಕಬೇಕು. ತಂಬಿಗೆ ಸಿಕ್ಕಿತೆಂದು ಕೊಡವನ್ನು ಮರೆಯುವುದು ಜಾಣತನವಲ್ಲ.