ಮನೆವಾರ್ತೆ: ಉತ್ತರ ಹೇಳುವ ಯಂತ್ರವೂ ಕಲಿಯುವ ಮಕ್ಕಳೂ

ಕಳೆದ ತಿಂಗಳು ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಸಂಗತಿಯನ್ನು ವಾಚಕರಲ್ಲಿ ಅರಿಕೆ ಮಾಡುತ್ತೇವೆ. ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ನಮ್ಮ ತಮ್ಮನ ಮಗಳಿಗೆ ‘ನಮ್ಮೂರ ಜಾತ್ರೆ’ ಎಂಬ ವಿಷಯದ ಮೇಲೆ ಪ್ರಬಂಧ ಬರೆದು ತರುವಂತೆ ಶಾಲೆಯಲ್ಲಿ ಹೇಳಿದ್ದರು. ಆರು ಗಂಟೆಗೆ ಕುಳಿತ ಹುಡುಗಿ ಆರೂವರೆಗೆ ಎದ್ದುಬಿಟ್ಟಳು. ಪ್ರಬಂಧವು ಎರಡು ಪುಟವಿತ್ತು. ಒಂದಾದರೂ ಕಾಗುಣಿತದ ತಪ್ಪಿರಲಿಲ್ಲ. ನದೀತೀರದ ದೇವಾಲಯ, ಆನೆಯ ಮೇಲೆ ಉತ್ಸವಮೂರ್ತಿ, ಮುಗಿಲು ಮುಟ್ಟುವ ವಾದ್ಯಘೋಷ, ಎಲ್ಲವೂ ಸೊಗಸಾಗಿ ವರ್ಣಿತವಾಗಿದ್ದುವು. ಅದನ್ನು ಓದಿಸಿ ಕೇಳಿದ ನಮ್ಮ ತಾಯಿಯವರು, “ಬಹಳ ಚೆನ್ನಾಗಿದೆ, ಮಗು. ಆದರೆ ಇದು ಯಾವ ಊರಿನ ಜಾತ್ರೆ?” ಎಂದರು.

ಹುಡುಗಿಯ ಮುಖ ಬಾಡಿತು. ನಮ್ಮೂರಿನಲ್ಲಿ ನದಿಯಿಲ್ಲ, ಕೆರೆಯ ಏರಿಯ ಕೆಳಗೆ ಮಾರಮ್ಮನ ಗುಡಿಯುಂಟು. ಆನೆ ಬಂದುದನ್ನು ಕಂಡವರು ಯಾರೂ ಇಲ್ಲ. ವಿಚಾರಿಸಲಾಗಿ, ತಾಯಿಯ ಮೊಬೈಲಿನಲ್ಲಿರುವ ಚಾಟ್‌ಬಾಟ್ ಎಂಬ ಕೃತಕ ಬುದ್ಧಿಮತ್ತೆಯ ಯಂತ್ರವನ್ನು ಕೇಳಿ, ಅದು ಹೇಳಿದುದನ್ನು ಅಕ್ಷರ ಬಿಡದೆ ನಕಲು ಮಾಡಿದ್ದಳೆಂಬುದು ಹೊರಬಿದ್ದಿತು. ಅವಳ ತಂದೆ ಕೋಪಗೊಂಡು, ಇನ್ನು ಈ ಮನೆಯಲ್ಲಿ ಅದರ ಹೆಸರೆತ್ತಕೂಡದೆಂದರು. ಆ ಕ್ಷಣಕ್ಕೆ ನಮಗೂ ಅದೇ ಸರಿಯೆಂದು ತೋರಿತು. ರಾತ್ರಿ ಆಲೋಚಿಸಿದಾಗ ಮಾತ್ರ ಬೇರೆಯಾಗಿ ಕಂಡಿತು.

ನಿಷೇಧದ ದಾರಿಯನ್ನು ನಮಗಿಂತ ಮೊದಲೇ ತುಳಿದು ನೋಡಿದವರುಂಟು. ಚಾಟ್‌ಜಿಪಿಟಿ ಎಂಬುದು ಲೋಕಕ್ಕೆ ಬಂದುದು 2022ರ ನವೆಂಬರ್ 30ರಂದು. ನ್ಯೂಯಾರ್ಕ್ ನಗರದ ಸಾರ್ವಜನಿಕ ಶಾಲೆಗಳು 2023ರ ಜನವರಿಯಲ್ಲಿ ತಮ್ಮ ಕಂಪ್ಯೂಟರುಗಳಲ್ಲಿ ಅದು ತೆರೆಯದಂತೆ ತಡೆದುವು; ಅದೇ ವರ್ಷದ ಮೇ ತಿಂಗಳಲ್ಲಿ ಆ ತಡೆಯನ್ನು ತಾವೇ ತೆಗೆದುಹಾಕಿದುವು. ಶಾಲೆಯ ಬಾಗಿಲಲ್ಲಿ ತಡೆದ ವಸ್ತು ಪ್ರತಿಯೊಬ್ಬರ ಮನೆಯಲ್ಲಿಯೂ ಇರುವಾಗ ಅಂಥ ನಿಷೇಧದ ಫಲವೇನು? ಬೇಡವೆಂದರೆ ಮಕ್ಕಳು ಮರೆಯಲ್ಲಿ ಕೇಳುವರು. ಮರೆಯಲ್ಲಿ ಕೇಳಿದುದನ್ನು ತಿದ್ದುವವರು ಯಾರೂ ಇರುವುದಿಲ್ಲ.

ಆದ್ದರಿಂದ ಈ ಯಂತ್ರದ ಸ್ವಭಾವವೇನೆಂಬುದನ್ನು ಮೊದಲು ತಿಳಿಯುವುದು ಲೇಸು. ಇದು ಎಲ್ಲವನ್ನೂ ಬಲ್ಲ ಪಂಡಿತನಲ್ಲ. ಅಪಾರವಾದ ಬರಹರಾಶಿಯಿಂದ ಯಾವ ಮಾತಿನ ಮುಂದೆ ಯಾವ ಮಾತು ಬರುವುದು ಸಹಜವೆಂಬುದನ್ನು ರೂಢಿಸಿಕೊಂಡು, ಅದರಂತೆ ವಾಕ್ಯಗಳನ್ನು ಹೊಸೆಯುತ್ತದೆ. ಜಾತ್ರೆಯೆಂದೊಡನೆ ನದಿಯೂ ಆನೆಯೂ ಬಂದುದು ಹೀಗೆ. ಕನ್ನಡದ ಬರಹ ಇಂಗ್ಲಿಷಿನಷ್ಟು ಅದಕ್ಕೆ ದೊರೆತಿಲ್ಲವಾಗಿ ನಮ್ಮ ಭಾಷೆಯಲ್ಲಿ ತಪ್ಪುವುದೂ ಹೆಚ್ಚು. ಬಸವಣ್ಣನವರದೊಂದು ವಚನ ಕೊಡು ಎಂದರೆ, ಯಾರೂ ನುಡಿಯದ ನಾಲ್ಕು ಸಾಲುಗಳನ್ನು ಕಟ್ಟಿ ಕೊನೆಗೆ ‘ಕೂಡಲಸಂಗಮದೇವ’ ಎಂಬ ಅಂಕಿತವನ್ನು ಸೇರಿಸಿ ಕೊಟ್ಟುಬಿಡಬಲ್ಲದು. ಮಾತಿನ ಧಾಟಿಯಲ್ಲಿ ಸಂಶಯದ ಸುಳಿವೂ ಇರುವುದಿಲ್ಲ.

ಹಾಗಾದರೆ ಇದರಿಂದ ಕಲಿಕೆಗೆ ಪ್ರಯೋಜನವೇ ಇಲ್ಲವೆ? ಉಂಟು, ಆದರೆ ಬಳಸುವ ರೀತಿಯಲ್ಲಿದೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಿದ್ವಾಂಸರು 2023ರಲ್ಲಿ ತುರ್ಕಿ ದೇಶದ ಪ್ರೌಢಶಾಲೆಯೊಂದರಲ್ಲಿ ಸುಮಾರು 1000 ವಿದ್ಯಾರ್ಥಿಗಳನ್ನು ಗಣಿತದಲ್ಲಿ ಪರೀಕ್ಷಿಸಿ ನೋಡಿದರು. ಒಂದು ಗುಂಪಿಗೆ ಸಾಮಾನ್ಯ ಚಾಟ್‌ಬಾಟ್ ಕೊಟ್ಟರು. ಎರಡನೆಯದಕ್ಕೆ ಉತ್ತರ ಹೇಳದೆ ಸುಳಿವನ್ನು ಮಾತ್ರ ಕೊಡುವಂತೆ, ಉಪಾಧ್ಯಾಯರ ಸಲಹೆಯಂತೆ ಅಳವಡಿಸಿದ ಚಾಟ್‌ಬಾಟ್ ಕೊಟ್ಟರು. ಮೂರನೆಯದಕ್ಕೆ ಪುಸ್ತಕ ಮಾತ್ರ. ಅಭ್ಯಾಸದ ಲೆಕ್ಕಗಳಲ್ಲಿ ಪುಸ್ತಕದವರಿಗಿಂತ ಮೊದಲನೆಯ ಗುಂಪು ನೂರಕ್ಕೆ 48ರಷ್ಟೂ, ಎರಡನೆಯದು 127ರಷ್ಟೂ ಮುಂದಿದ್ದುವು. ಬಳಿಕ ಯಂತ್ರವನ್ನು ತೆಗೆದಿಟ್ಟು ಪರೀಕ್ಷೆ ಮಾಡಲಾಗಿ, ಮೊದಲನೆಯ ಗುಂಪು ಪುಸ್ತಕದವರಿಗಿಂತ ನೂರಕ್ಕೆ 17ರಷ್ಟು ಹಿಂದೆ ಬಿದ್ದಿತು. ಸುಳಿವಿನ ಗುಂಪಿಗೆ ಅಂಥ ನಷ್ಟವಾಗಲಿಲ್ಲ. ಪುಸ್ತಕದವರಿಗಿಂತ ಹೆಚ್ಚಿನ ಲಾಭವೂ ಕಾಣಲಿಲ್ಲ.

ಹಳ್ಳಿಯ ಬಾವಿಯಲ್ಲಿ ಈಜು ಕಲಿಸುವಾಗ ಹುಡುಗರ ಬೆನ್ನಿಗೆ ಸೋರೆಬುರುಡೆ ಕಟ್ಟುವುದನ್ನು ನಮ್ಮ ಹಿರಿಯ ವಾಚಕರು ಕಂಡಿರುವರು. ಬುರುಡೆ ಮುಳುಗದಂತೆ ತಡೆಯುತ್ತದೆ. ಕೈಕಾಲು ಬಡಿಯಬೇಕಾದವನು ಹುಡುಗನೇ. ಅವನನ್ನು ಹೆಗಲ ಮೇಲೆ ಹೊತ್ತು ಆಚೆಯ ದಡಕ್ಕೆ ಮುಟ್ಟಿಸಿದರೆ ಎಷ್ಟು ಸಲ ದಾಟಿದರೂ ಈಜು ಬಾರದು. ಯಂತ್ರವು ಬುರುಡೆಯಾಗಬೇಕೋ ಹೆಗಲಾಗಬೇಕೋ ಎಂಬುದೇ ತಾಯ್ತಂದೆಗಳೂ ಉಪಾಧ್ಯಾಯರೂ ತೀರ್ಮಾನಿಸಬೇಕಾದ ವಿಷಯ.

ಮರುದಿನ ಸಂಜೆ ನಾವು ಹುಡುಗಿಯ ಪಕ್ಕದಲ್ಲಿ ಕುಳಿತೆವು. “ನೀನು ಪ್ರಬಂಧ ಬರೆಯಬೇಡ. ನಮ್ಮೂರ ಜಾತ್ರೆಯನ್ನು ಕುರಿತು ನಾನು ಬರೆಯಬೇಕಾಗಿದೆ. ಒಂದೊಂದಾಗಿ ಪ್ರಶ್ನೆಗಳನ್ನು ಕೇಳು” ಎಂದು ಅವಳಿಂದಲೇ ಬರೆಯಿಸಿದೆವು. ಯಂತ್ರವು ವಿಧೇಯತೆಯಿಂದ ಕೇಳತೊಡಗಿತು. ಜಾತ್ರೆ ನಡೆಯುವುದು ಯಾವ ತಿಂಗಳಲ್ಲಿ? ಮೊದಲ ದಿನ ಏನು ನಡೆಯುತ್ತದೆ? ಯಾವ ಮನೆಯವರಿಗೆ ಯಾವ ಕೆಲಸ? ಹಿಂದಿನದಕ್ಕೂ ಇಂದಿನದಕ್ಕೂ ಏನು ವ್ಯತ್ಯಾಸ? ಎರಡು ಪ್ರಶ್ನೆಗಳಿಗೆ ಹುಡುಗಿಗೆ ಉತ್ತರ ತಿಳಿದಿತ್ತು. ಉಳಿದುವಕ್ಕೆ ಅಜ್ಜಿಯ ಬಳಿಗೆ ಹೋಗಬೇಕಾಯಿತು. ಮಳೆ ಬಾರದ ವರ್ಷ ತಂಬಿಟ್ಟಿನ ಆರತಿಯೊಂದರಲ್ಲಿಯೇ ಜಾತ್ರೆ ಮುಗಿದುದನ್ನೂ, ಕೈಯಲ್ಲಿ ಕಾಸಿಲ್ಲದ ಹೆಂಗಸರಿಂದ ಬಳೆಗಾರನು ರಾಗಿ ಅಳೆಸಿಕೊಂಡು ಬಳೆ ತೊಡಿಸುತ್ತಿದ್ದುದನ್ನೂ ಅಜ್ಜಿ ಹೇಳಿದರು. ಇದನ್ನು ನಾವೇ ಆವರೆಗೆ ಕೇಳಿರಲಿಲ್ಲ. ರಾತ್ರಿ ಒಂಬತ್ತಕ್ಕೆ ಸಿದ್ಧವಾದ ಪ್ರಬಂಧವು ಒಂದೇ ಪುಟ, ಅಲ್ಲಲ್ಲಿ ತಪ್ಪುಗಳಿದ್ದುವು, ಆದರೆ ಅದು ನಮ್ಮೂರ ಜಾತ್ರೆಯಾಗಿತ್ತು.

ಉಪಾಧ್ಯಾಯರಿಗೂ ಇದರಿಂದ ಸಹಾಯವುಂಟು. ಬೆಂಗಳೂರಿನಲ್ಲಿ ಶಿಕ್ಷಣ ಫೌಂಡೇಷನ್ನಿನವರೂ ಮೈಕ್ರೋಸಾಫ್ಟ್ ರಿಸರ್ಚ್ ಸಂಸ್ಥೆಯವರೂ ಕೂಡಿ, ಸರಕಾರಿ ಶಾಲೆಗಳ ಉಪಾಧ್ಯಾಯರು ಪಾಠಯೋಜನೆ ಸಿದ್ಧಪಡಿಸಿಕೊಳ್ಳಲು ನೆರವಾಗುವ ‘ಶಿಕ್ಷಾ ಕೋಪೈಲಟ್’ ಎಂಬುದನ್ನು 2023ರಲ್ಲಿ ಪ್ರಯೋಗಿಸಿದರು. ಒಂದೇ ಪಾಠಕ್ಕೆ ಮುಂದಿರುವ ಮಕ್ಕಳಿಗೊಂದು, ಹಿಂದುಳಿದವರಿಗೊಂದು ಪ್ರಶ್ನಾವಳಿ ಮಾಡಿಕೊಳ್ಳಲು ಯಂತ್ರವು ಸೊಗಸಾದ ಸಹಾಯಕ. ಅದರ ತಪ್ಪುಗಳನ್ನು ಕೂಡ ಪಾಠವಾಗಿಸಬಹುದು. ಯಂತ್ರವು ಕೊಟ್ಟ ಉತ್ತರವನ್ನು ಹಲಗೆಯ ಮೇಲೆ ಬರೆದು, ಪಠ್ಯಪುಸ್ತಕವನ್ನು ಎದುರಿಗಿಟ್ಟುಕೊಂಡು ಇದರಲ್ಲಿ ಸುಳ್ಳೆಷ್ಟು, ನಿಜವೆಷ್ಟು ಎಂದು ಮಕ್ಕಳಿಂದಲೇ ಹುಡುಕಿಸಿದರೆ, ಅಚ್ಚಾದುದೆಲ್ಲ ಸತ್ಯವಲ್ಲವೆಂಬ ವಿವೇಕವೂ ಜೊತೆಗೆ ಬರುವುದು.

ಮನೆಯಲ್ಲಿ ನಡೆಸಬೇಕಾದ ಕ್ರಮವನ್ನೂ ಸೂಚಿಸುತ್ತೇವೆ. ಮೊದಲು ಮಗುವು ತಾನಾಗಿ ಕಾಗದದ ಮೇಲೆ ಪ್ರಯತ್ನಿಸತಕ್ಕದ್ದು. ತೊಡಕಿದಲ್ಲಿ ಮಾತ್ರ ಯಂತ್ರವನ್ನು ಕೇಳತಕ್ಕದ್ದು. ಕೇಳುವಾಗ ‘ಉತ್ತರ ಹೇಳು’ ಎನ್ನದೆ ‘ನನ್ನ ತಪ್ಪೆಲ್ಲಿ?’ ಎಂದೋ ‘ಮುಂದಿನ ಹೆಜ್ಜೆಗೆ ಸುಳಿವು ಕೊಡು’ ಎಂದೋ ಕೇಳುವುದು ಒಳ್ಳೆಯದು. ಹೀಗೆ ಪ್ರಶ್ನೆ ಕೇಳುತ್ತ ಕಲಿಸುವ ಕ್ರಮವೊಂದನ್ನು 2025ರ ಜುಲೈ ತಿಂಗಳಲ್ಲಿ ಚಾಟ್‌ಜಿಪಿಟಿಯಲ್ಲಿಯೇ ಸೇರಿಸಿದ್ದಾರೆ. ತಿಳಿದುಕೊಂಡುದನ್ನು ಪುಸ್ತಕದೊಡನೆ ಹೋಲಿಸಿ, ಬಳಿಕ ಯಂತ್ರವನ್ನು ಮುಚ್ಚಿಟ್ಟು, ಮನೆಯಲ್ಲಿ ಯಾರಿಗಾದರೂ ಬಾಯಿಮಾತಿನಲ್ಲಿ ವಿವರಿಸಲಿ, ವಿವರಿಸಲಾಗದಿದ್ದರೆ ಕಲಿತಂತಾಗಲಿಲ್ಲ. ಹೆಸರು, ವಿಳಾಸ, ಭಾವಚಿತ್ರ, ಮನೆಯ ಗುಟ್ಟುಗಳನ್ನು ಅದಕ್ಕೆ ತಿಳಿಸಕೂಡದು. ತರಗತಿಯಲ್ಲಿ ಇವನ್ನು ಬಳಸಲು 13 ವರ್ಷವಾದರೂ ತುಂಬಿರಬೇಕೆಂದು ಯುನೆಸ್ಕೋ ಸಂಸ್ಥೆಯು 2023ರಲ್ಲಿ ಸಲಹೆಯಿತ್ತಿದೆ. ಚಿಕ್ಕ ಮಕ್ಕಳ ವಿಷಯದಲ್ಲಿ ಈ ಎಲ್ಲೆಯನ್ನು ಮನೆಯಲ್ಲಿಯೂ ನೆನಪಿನಲ್ಲಿಡುವುದು ಲೇಸು.

ಇದಕ್ಕೆಲ್ಲ ದೊಡ್ಡವರ ಹೊತ್ತು ಬೇಕೆಂಬುದು ದಿಟ. ಮಗುವಿನ ಕೈಗೆ ಮೊಬೈಲನ್ನಿತ್ತು ನಾವು ನಮ್ಮ ಕೆಲಸಕ್ಕೆ ಹೋದರೆ, ಮರಳಿ ಬರುವಷ್ಟರಲ್ಲಿ ಎರಡು ಪುಟ ಸಿದ್ಧವಾಗಿರುವುದರಲ್ಲಿ ಆಶ್ಚರ್ಯವಿಲ್ಲ. ಆ ದಿನ ಹುಡುಗಿ ನಕಲು ಮಾಡಿದುದರಲ್ಲಿ ನಮ್ಮ ಪಾಲಿನ ತಪ್ಪೂ ಇತ್ತೆಂದು ಒಪ್ಪಿಕೊಳ್ಳುತ್ತೇವೆ.

ಪ್ರಬಂಧವು ಮೊನ್ನೆ ತಿದ್ದಿಸಿಕೊಂಡು ಬಂದಿತು. ಉಪಾಧ್ಯಾಯಿನಿಯವರು ಐದು ಕಡೆ ಕೆಂಪು ಗೆರೆ ಎಳೆದಿದ್ದರು. ಬಳೆಗಾರನ ಮಾತು ಬಂದಲ್ಲಿ ಅಂಚಿನಲ್ಲಿ ‘ಇನ್ನಷ್ಟು ಬರೆ’ ಎಂದು ಬರೆದಿದ್ದರು. ಹುಡುಗಿ ಪುಸ್ತಕವನ್ನೆತ್ತಿಕೊಂಡು ಅಜ್ಜಿಯ ಬಳಿ ಹೋಗಿ ಕುಳಿತಿದ್ದಾಳೆ. ವಾಚಕರೂ ತಮ್ಮ ಮನೆಯ ಅನುಭವಗಳನ್ನು ಬರೆದು ತಿಳಿಸಿದರೆ ಸಂತೋಷಪಡುವೆವು.