ಕೌದಿಯ ಅರಿವೆ ಮತ್ತು ಉರುಳುವ ಅಲಗು
ಗೊಬ್ಬೂರಿನ ಕಡೆ ಹಳೆಯ ಸೀರೆಗಳೇ ಕೌದಿಯಾಗುವುವು. ತಾಯಿಯ ಇಳಕಲ್ ಸೀರೆಯನ್ನು ಕೆಡಿಸಿದರೆ ಅದು ಯಾವ ಅಂಗಡಿಯಲ್ಲಿಯೂ ಮರಳಿ ದೊರೆಯದು. ಆದಕಾರಣ, 1979ರಲ್ಲಿ ಜಪಾನಿನ ಓಲ್ಫಾ ಸಂಸ್ಥೆಯು ಹೊರತಂದ, ಗಾಲಿಯಂತೆ ಉರುಳುವ ರೋಟರಿ ಕಟರನ್ನು ಬಳಸುವ ಸೋದರಿಯರು ಮೊದಲು ಚಿಂದಿಯ ಮೇಲೆ ಪರೀಕ್ಷಿಸತಕ್ಕದ್ದು.

ಸಮಾನ ಅಂತರದಲ್ಲಿ ಎಳೆಗಳು ಕತ್ತರಿಸದೆ ಉಳಿದರೆ ಅಲಗು ಒಂದೆಡೆ ಮುಕ್ಕಾಗಿದೆಯೆಂದು ತಿಳಿಯಿರಿ, ಅದನ್ನು ಬದಲಿಸಲೇಬೇಕು. ಯಾವಾಗಲೂ ಒಂದೇ ಸ್ಥಳದಲ್ಲಿ ಉಳಿದರೆ ದೋಷವು ಅಲಗಿನದಲ್ಲ, ಕೆಳಗಿನ ಹಾಸಿನಲ್ಲಿ ಬಿದ್ದ ಗೀರಿನದು. ಅಲಗು ಉರುಳದೆ ಅರಿವೆಯನ್ನು ಎಳೆದರೆ ತಿರುಪನ್ನು ತುಸು ಸಡಿಲಿಸಿ, ಒಳಗೆ ಸೇರಿದ ನೂಲಿನ ಧೂಳನ್ನು ಒರಸಿರಿ. ಬಲವಾಗಿ ಒತ್ತುವುದು ಮಾತ್ರ ಬೇಡ. ಅಲಗೂ ಹಾಸೂ ಕೆಡುವುವು.

ಜೀರ್ಣವಾದ ಮೆತ್ತನೆಯ ಅರಿವೆಯು ಜರುಗುವುದಾದರೆ ತೆಳುವಾಗಿ ಗಂಜಿ ಹಾಕಿ, ಇಸ್ತ್ರಿ ಮಾಡಿ, ಎರಡೇ ಪದರು ಇಟ್ಟು ಕತ್ತರಿಸಿರಿ. ಗಂಜಿಯ ಗುಣವನ್ನು ನಮ್ಮ ಅಜ್ಜಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ! ಕೈಯಿಂದ ಕೆಳಗಿಡುವಾಗಲೆಲ್ಲ ಅಲಗನ್ನು ಮುಚ್ಚಿಡಿರಿ.